ಟಾಕೀಸಿನ ಇಪ್ಪತ್ತೇಳು ಆನೆಗಳು

ತಣ್ಣಪ್ಪನನ್ನು ನಾನು ಮೊದಲು ನೋಡಿದಾಗ ಅವನು ನಮ್ಮ ಅಡುಗೆಮನೆಯಲ್ಲಿ ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದ. ನಾನು ಆಗ ತಾನೇ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗೆ ಇಣುಕಿದರೆ, ಗೋಡೆಯಿಂದ ಈಚೆಗೆಳೆದ ಫ್ರಿಜ್ಜಿನ ಹಿಂದಿನಿಂದ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ನನ್ನಾಕೆ ತುಟಿಯ ಮೇಲೆ ಬೆರಳಿಟ್ಟು, "ಶ್! ಅವರು ಏನೋ ಕೇಳಿಸಿಕೊಳ್ತಾ ಇದಾರೆ" ಎಂದಳು. ವೈದ್ಯರು ರೋಗಿಯ ಎದೆಬಡಿತ ಕೇಳುವ ಹಾಗೆ ಅವನು ಫ್ರಿಜ್ಜಿನ ಕಂಪ್ರೆಸರಿಗೆ ಕಿವಿಗೊಟ್ಟಿದ್ದ.

ಇದು ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಆಗ ಅವನಿಗೆ ಮೂವತ್ತು ದಾಟಿರಲಿಲ್ಲ. ಫ್ರಿಜ್ಜು, ಎ.ಸಿ., ಐಸ್‌ಕ್ರೀಮಿನ ಪೆಟ್ಟಿಗೆ, ಒಟ್ಟಿನಲ್ಲಿ ತಣ್ಣಗೆ ಮಾಡುವ ಯಾವ ಯಂತ್ರ ಕೆಟ್ಟರೂ ಜನ ಅವನನ್ನೇ ಕರೆಯುತ್ತಿದ್ದುದರಿಂದ ತಣ್ಣಪ್ಪ ಎಂಬ ಹೆಸರು ಅಂಟಿಕೊಂಡಿತ್ತು. ಸಿಟ್ಟೆಂಬುದನ್ನೇ ಕಾಣದ ಅವನ ಸ್ವಭಾವಕ್ಕೂ ಅದು ಒಪ್ಪುತ್ತಿತ್ತು.

ಎದ್ದು ಕುಳಿತವನೇ, "ಹಳೇ ಗ್ಯಾಸ್ ತೆಗೆದು ಹೊಸದು ತುಂಬಬೇಕು ಮೇಷ್ಟ್ರೇ" ಎಂದ. ಪೈಪಿಗೆ ಏನೋ ಜೋಡಿಸಿ, ಅದರ ತುದಿಯನ್ನು ಕಿಟಕಿಯಿಂದ ಹೊರಗಿಟ್ಟು, ಸಣ್ಣ ತಿರುಪೊಂದನ್ನು ತಿರುಗಿಸಿದ. ಹುಸ್ ಎಂದು ಸದ್ದಾಯಿತು. ಬಣ್ಣವಿಲ್ಲ, ಹೊಗೆಯಿಲ್ಲ, ವಾಸನೆಯೂ ಇಲ್ಲ. ಒಂದು ನಿಮಿಷದಲ್ಲಿ ಸದ್ದು ನಿಂತಿತು.

"ಎಲ್ಲಿಗೆ ಹೋಯ್ತಪ್ಪಾ ಅದು?" ಎಂದು ಕೇಳಿದೆ. ಪ್ರಶ್ನೆ ಕೇಳುವುದು ಮೇಷ್ಟ್ರುಗಳ ಚಾಳಿ.

"ಆಕಾಶಕ್ಕೆ ಮೇಷ್ಟ್ರೇ. ಅಲ್ಲಿ ಜಾಗಕ್ಕೇನು ಬರವೇ?" ಎಂದು ನಕ್ಕ. ನಾನೂ ನಕ್ಕೆ. ಗಣಿತದ ಮೇಷ್ಟ್ರಾದ ನನಗೆ ಅದನ್ನು ತೂಗಿ ನೋಡಬೇಕೆಂದು ಆ ದಿನ ಹೊಳೆಯಲೇ ಇಲ್ಲ.

ಅವನ ಅಂಗಡಿ ಟಾಕೀಸಿನ ಹಿಂದಿನ ಓಣಿಯಲ್ಲಿತ್ತು. ಒಂದೇ ಕೋಣೆ. ಅರ್ಧದಲ್ಲಿ ಬಿಚ್ಚಿಟ್ಟ ಯಂತ್ರಗಳು, ಇನ್ನರ್ಧದಲ್ಲಿ ಅವನ ಹೆಂಡತಿಯ ಹೊಲಿಗೆ ಯಂತ್ರ. ನಡುವೆ ಎಳೆದ ಸೀಮೆಸುಣ್ಣದ ಗೆರೆಯನ್ನು ದಾಟಿ ಎಣ್ಣೆಯ ಕೈ ಆಚೆ ಹೋಗುವಂತಿರಲಿಲ್ಲ. ಆಕೆಯ ತಮ್ಮ, ಅಂದರೆ ತಣ್ಣಪ್ಪನ ಬಾಮೈದ, ಅಂಗಡಿಯಲ್ಲಿ ಪಾಲುದಾರ. ಕೆಲಸದಲ್ಲಿ ಚುರುಕು, ಬಾಯಿಯಲ್ಲಿ ಇನ್ನೂ ಚುರುಕು. ಅವರ ಮನೆಯಲ್ಲಿ ಮಾತ್ರ ಎ.ಸಿ. ಇರಲಿಲ್ಲ. "ಊರಿಗೆಲ್ಲ ತಂಪು ಹಂಚ್ತಾರೆ, ನಮಗೆ ಬೀಸಣಿಗೆ" ಎಂದು ಆಕೆ ಗಂಡನನ್ನು ಛೇಡಿಸುತ್ತಿದ್ದಳು.

ಹತ್ತು ವರ್ಷಗಳು ಕಳೆದವು. ಒಂದು ಸಂಜೆ ತಣ್ಣಪ್ಪ ಕರೆಯದೆಯೇ ನಮ್ಮ ಮನೆಗೆ ಬಂದ. ಕೈಯಲ್ಲಿ ಉಪಕರಣಗಳ ಚೀಲದ ಬದಲು ಒಂದು ನೋಟುಬುಕ್ಕು. ಎ.ಸಿ. ಕಂಪನಿಯೊಂದು ರಿಪೇರಿಯವರಿಗೆಲ್ಲ ಎರಡು ದಿನಗಳ ತರಬೇತಿ ಇಟ್ಟಿತ್ತಂತೆ. ಊಟ ಚೆನ್ನಾಗಿರುತ್ತದೆಂದು ಯಾರೋ ಹೇಳಿದ್ದರಿಂದ ಹೋಗಿದ್ದನಂತೆ.

"ಮೇಷ್ಟ್ರೇ, ಅಲ್ಲಿ ಪಾಠ ಮಾಡಿದ ಮೇಡಂ ಒಂದು ಮಾತು ಹೇಳಿದರು. ನಾವು ಎ.ಸಿ.ಗೆ ತುಂಬೋ ಗ್ಯಾಸ್ ಒಂದು ಕೆ.ಜಿ. ಗಾಳಿಗೆ ಬಿಟ್ಟರೆ, ಸಾವಿರದ ಎಂಟುನೂರು ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಕಾಯುತ್ತಂತೆ. ಒಂದಕ್ಕೆ ಸಾವಿರದ ಎಂಟುನೂರು! ಆ ಯಮ್ಮ ಸೊನ್ನೆ ಏನಾದ್ರೂ ಜಾಸ್ತಿ ಹಾಕಿಬಿಟ್ಟರಾ ಅಂತ."

ನಾನು ಕಪಾಟಿನಿಂದ ಪುಸ್ತಕಗಳನ್ನು ತೆಗೆದು ನೋಡಿದೆ. ಸೊನ್ನೆ ಜಾಸ್ತಿಯಾಗಿರಲಿಲ್ಲ.

"ಹಾಗಾದ್ರೆ ಒಂದು ಲೆಕ್ಕ ಹಾಕಿ" ಎಂದ. ಟಾಕೀಸಿನ ತಂಪು ಮಾಡುವ ದೊಡ್ಡ ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅದರಲ್ಲೆಲ್ಲೋ ಒಂದು ಸೋರಿಕೆ. ಎಲ್ಲಿ ಎಂದು ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪ್ರತಿ ಬೇಸಿಗೆಗೆ ಎಂಟು ಕೆ.ಜಿ. ಕಡಿಮೆಯಾಗುತ್ತಿತ್ತು, ಎಂಟು ಕೆ.ಜಿ. ತುಂಬುತ್ತಿದ್ದ. ಹೀಗೆ ಹದಿನಾಲ್ಕು ಬೇಸಿಗೆ.

ನೂರ ಹನ್ನೆರಡು ಕೆ.ಜಿ. ಅದನ್ನು ಸಾವಿರದ ಎಂಟುನೂರರಿಂದ ಗುಣಿಸಿದೆ. ಎರಡು ಲಕ್ಷದ ಒಂದು ಸಾವಿರದ ಆರುನೂರು ಬಂತು. ಅವನು ಆ ಅಂಕಿಯನ್ನೇ ನೋಡುತ್ತ ಕುಳಿತ. ಮಕ್ಕಳಿಗೆ ದೊಡ್ಡ ಸಂಖ್ಯೆ ಅರ್ಥವಾಗದಿದ್ದಾಗ ನಾನು ಪ್ರಾಣಿಗಳ ಮೊರೆ ಹೋಗುತ್ತಿದ್ದೆ. ಅಭ್ಯಾಸಬಲದಿಂದ, "ಒಂದು ಆನೆ ನಾಲ್ಕು ಸಾವಿರ ಕೆ.ಜಿ. ಅಂತ ಇಟ್ಟುಕೋ. ಐವತ್ತು ಆನೆ" ಎಂದುಬಿಟ್ಟೆ.

"ಐವತ್ತು ಆನೆ" ಎಂದ ತಣ್ಣಪ್ಪ. ಕಿಟಕಿಯಿಂದ ಆಚೆ ನೋಡಿದ. ಸಂಜೆಯ ಆಕಾಶ ತಿಳಿಯಾಗಿತ್ತು. "ಅಲ್ಲಿ ಮೇಲೆ ಐವತ್ತು ಆನೆ ನಿಲ್ಲಿಸಿದ್ದೀನಿ. ಒಂದಾದ್ರೂ ಕಾಣುತ್ತಾ ನೋಡಿ ಮೇಷ್ಟ್ರೇ."

ಮೂವತ್ತು ವರ್ಷ ಗುಣಾಕಾರ ಕಲಿಸಿದ್ದೆ. ಗುಣಾಕಾರವೊಂದು ಕಣ್ಣೆದುರಿಗೆ ಎದ್ದು ನಿಂತದ್ದು ಅದೇ ಮೊದಲು.

ಮರುದಿನವೇ ಅವನು ಸಾಬೂನಿನ ನೊರೆ ಮಾಡಿಕೊಂಡು ಟಾಕೀಸಿಗೆ ಹೋದ. ಪೈಪಿನ ಉದ್ದಕ್ಕೂ, ಪ್ರತಿಯೊಂದು ಬೆಸುಗೆಗೂ ನೊರೆ ಹಚ್ಚುತ್ತ ಗುಳ್ಳೆ ಏಳುತ್ತದೆಯೇ ಎಂದು ಕಾದ. ಮೂರನೆಯ ದಿನ ಒಂದು ಹಿತ್ತಾಳೆಯ ನಟ್ಟಿನ ಬಳಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಸೂಜಿಯ ಮೊನೆಯೂ ಹೋಗದ ಸಂದು. ಐವತ್ತು ಆನೆಗಳೂ ಹೊರಟುಹೋದದ್ದು ಅದರೊಳಗಿಂದಲೇ. ನಟ್ಟು ಬದಲಾಯಿಸಿದ, ಮುಂದೆ ಆ ಯಂತ್ರಕ್ಕೆ ಗ್ಯಾಸು ತುಂಬುವ ಕೆಲಸವೇ ಬರಲಿಲ್ಲ.

ಆಮೇಲೆ ಯಂತ್ರದೊಳಗಿನ ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬುವ ಒಂದು ಹಳೆಯ ಯಂತ್ರವನ್ನು ಎಲ್ಲಿಂದಲೋ ತಂದ. ಸೂಟ್‌ಕೇಸಿನಷ್ಟು ಗಾತ್ರ, ಹಿಟ್ಟಿನ ಗಿರಣಿಯಷ್ಟು ಸದ್ದು. ಒಂದು ನಿಮಿಷದಲ್ಲಿ ಹುಸ್ ಎಂದು ಮುಗಿಯುತ್ತಿದ್ದ ಕೆಲಸಕ್ಕೆ ಈಗ ನಲವತ್ತು ನಿಮಿಷ. ಹಿಡಿದ ಗ್ಯಾಸನ್ನು ಸೋಸಿ, ಬೇಕಾದ ಹಳೆಯ ಯಂತ್ರಗಳಿಗೆ ತುಂಬುತ್ತಿದ್ದ. ಉಳಿದದ್ದನ್ನು, ಅದನ್ನು ಭಾರೀ ಶಾಖದಲ್ಲಿ ಸುಟ್ಟು ನಿರ್ನಾಮ ಮಾಡುವ ದೂರದ ಕಾರ್ಖಾನೆಗೆ ಲಾರಿಯಲ್ಲಿ ಕಳಿಸುತ್ತಿದ್ದ. ಗಿರಾಕಿಗಳು ಗಡಿಯಾರ ನೋಡುತ್ತಿದ್ದರು. ಕೆಲವರು ಬೇರೆ ಅಂಗಡಿ ಹಿಡಿದರು.

ಬಾಮೈದನಿಗೆ ಇದು ನುಂಗಲಾರದ ತುತ್ತಾಯಿತು. ಒಂದು ದಿನ ನಾನು ಅಂಗಡಿಯಲ್ಲಿ ಕುಳಿತಿದ್ದಾಗಲೇ ಶುರುಮಾಡಿದ. "ಭಾವ, ಈ ಊರಲ್ಲಿ ನಲವತ್ತು ಅಂಗಡಿ ಇದಾವೆ. ಎಲ್ಲರೂ ಬಿಡ್ತಾರೆ. ನೀವೊಬ್ಬರು ಹಿಡಿದುಬಿಟ್ಟರೆ ಆಕಾಶ ತಣ್ಣಗಾಗುತ್ತಾ? ಮೇಷ್ಟ್ರೇ, ನೀವಾದ್ರೂ ಹೇಳಿ."

ನಾನೇ ಮನೆಯಲ್ಲಿ ಅದೇ ಭಾಗಾಕಾರ ಮಾಡಿ ನೋಡಿದ್ದೆ. ಜಗತ್ತೆಲ್ಲ ಒಂದು ವರ್ಷದಲ್ಲಿ ಗಾಳಿಗೆ ಬಿಡುವುದರಲ್ಲಿ ತಣ್ಣಪ್ಪ ಹಿಡಿದದ್ದು ಎಷ್ಟು ಪಾಲು ಎಂದು. ದಶಾಂಶ ಬಿಂದುವಿನ ಮುಂದೆ ಸೊನ್ನೆಗಳು ಇರುವೆಸಾಲಿನಂತೆ ಹೊರಟವು. ಪೆನ್ನು ಕೆಳಗಿಟ್ಟಿದ್ದೆ.

ತಣ್ಣಪ್ಪ ತಲೆಯೆತ್ತದೆ, "ಗೊತ್ತಿಲ್ಲ ಕಣೋ" ಎಂದ. "ಆದ್ರೆ ಐವತ್ತು ಆನೆ ಬಿಟ್ಟೋನು ನಾನೊಬ್ಬನೇ ತಾನೇ? ಬಿಡೋವಾಗ ಒಬ್ಬ ಸಾಕಾಗಿದ್ದ. ಹಿಡಿಯೋವಾಗ ಮಾತ್ರ ಒಬ್ಬ ಯಾಕೆ ಸಾಲಲ್ಲ?"

"ಬಂದುಬಿಟ್ಟರು ಆನೆ ಡಾಕ್ಟ್ರು" ಎಂದು ಗೊಣಗಿದ ಬಾಮೈದ. ಗೆರೆಯಾಚೆಯಿಂದ ಅವನ ಅಕ್ಕ, "ಲೋ, ನಿಮ್ಮ ಭಾವ ಒಂದು ಹಿಡಿದರೆ ಬಿಡೋರಲ್ಲ. ಮದುವೆಗೆ ಮುಂಚೆ ಒಂದು ವರ್ಷ ನಮ್ಮ ಮನೆ ಮುಂದೇನೇ ಸೈಕಲ್ ಪಂಕ್ಚರ್ ಮಾಡಿಕೊಳ್ತಿದ್ದರು" ಎಂದಳು. ಎಲ್ಲರೂ ನಕ್ಕೆವು. ಆದರೆ ಬಾಮೈದ ಬೇರೆ ಅಂಗಡಿ ಹಾಕುವ ಯೋಚನೆಯಲ್ಲಿದ್ದಾನೆಂದು ನನಗೆ ಗೊತ್ತಿತ್ತು.

ನಾನು ನಿವೃತ್ತನಾದ ವರ್ಷವೇ ಟಾಕೀಸು ಮುಚ್ಚಿತು. ಬೇಸಿಗೆಯ ಒಂದು ಶುಕ್ರವಾರ, ಕಟ್ಟಡ ಕೆಡವುತ್ತಾರೆಂಬ ಸುದ್ದಿ ಬಂತು. ಒಳಗಿನ ಯಂತ್ರವನ್ನು ತಾಮ್ರದ ಆಸೆಗೆ ಗುಜರಿ ಸಾಹುಕಾರರು ಕೊಂಡಿದ್ದರು. ಸೋಮವಾರ ಬೆಳಿಗ್ಗೆ ಬಿಚ್ಚಿ ಒಯ್ಯುವುದೆಂದು ಗೊತ್ತಾಗಿತ್ತು. ಟಾಕೀಸು ಮುಚ್ಚಿದ ದಿನ ತಣ್ಣಪ್ಪ ಗ್ಯಾಸನ್ನೆಲ್ಲ ಯಂತ್ರದ ಕೆಳಗಿನ ಉಕ್ಕಿನ ತೊಟ್ಟಿಗೆ ಸೇರಿಸಿ ವಾಲ್ವು ಮುಚ್ಚಿ ಬಂದಿದ್ದ. ಅದರಲ್ಲಿ ಅರವತ್ತು ಕೆ.ಜಿ. ಇತ್ತು. ಇಪ್ಪತ್ತೇಳು ಆನೆ. ಸಾಹುಕಾರರ ಆಳುಗಳು ಮಾಡುವುದಿಷ್ಟೆ: ಒಂದು ಬೋಲ್ಟು ಸಡಿಲಿಸಿ ದೂರ ನಿಲ್ಲುತ್ತಾರೆ, ಅರ್ಧ ಗಂಟೆ ಹುಸ್ ಎನ್ನುತ್ತದೆ, ಆಮೇಲೆ ಕತ್ತರಿಸುತ್ತಾರೆ.

ತಣ್ಣಪ್ಪ ಗುಜರಿ ಅಂಗಡಿಗೆ ಓಡಿದ. ಜೊತೆಗೆ ನಾನೂ ಹೋದೆ.

"ಸಾಹುಕಾರ್ರೇ, ಯಂತ್ರ ನಿಮ್ಮದೇ. ಒಳಗಿನ ಗ್ಯಾಸ್ ಮಾತ್ರ ತೆಗೆದುಕೊಳ್ಳೋಕೆ ಬಿಡಿ."

"ಗಾಳಿ ತಗೊಂಡು ಏನಯ್ಯಾ ಮಾಡ್ತೀಯಾ?" ಎಂದರು ಸಾಹುಕಾರರು. ನನ್ನ ಕಡೆ ತಿರುಗಿ, "ಏನ್ ಮೇಷ್ಟ್ರೇ, ಇವನಿಗೆ ತಲೆ ನೆಟ್ಟಗಿದೆ ತಾನೇ?"

"ನನಗಿಂತ ನೆಟ್ಟಗಿದೆ" ಎಂದೆ.

ಸಾಹುಕಾರರು ನಕ್ಕು, "ಆಯ್ತು. ಸೋಮವಾರ ಬೆಳಿಗ್ಗೆ ಎಂಟರವರೆಗೆ ನಿನ್ನದು. ಎಂಟಾದ ಮೇಲೆ ನನ್ನದು. ಲಾರಿಗೆ ಹೇಳಿದ್ದೀನಿ, ಒಂದು ನಿಮಿಷವೂ ಕಾಯೋಲ್ಲ" ಎಂದರು.

ಕೈಯಲ್ಲಿದ್ದುದು ಶನಿವಾರ, ಭಾನುವಾರ. ಟಾಕೀಸಿನ ಕಾವಲುಗಾರ ಬೆಳಿಗ್ಗೆ ಆರಕ್ಕೆ ಗೇಟು ತೆಗೆದು ಸಂಜೆ ಆರಕ್ಕೆ ಬೀಗ ಹಾಕುತ್ತಿದ್ದ. ತಣ್ಣಪ್ಪನ ಹಳೆಯ ಯಂತ್ರ ಗಂಟೆಗೆ ಮೂರು ಕೆ.ಜಿ. ಹೀರಿದರೆ ಹೆಚ್ಚು; ಸೆಕೆಗೆ ಆಗಾಗ ನಿಂತುಬಿಡುತ್ತಿತ್ತು. ಹತ್ತು ಕೆ.ಜಿ. ಹಿಡಿಯುವ ಸಿಲಿಂಡರುಗಳು ಆರು ಬೇಕು, ಇದ್ದುದು ನಾಲ್ಕು. ಯಾವ ಅಂಗಡಿಗಳವರು ಅವನನ್ನು ಆಡಿಕೊಳ್ಳುತ್ತಿದ್ದರೋ ಅಲ್ಲಿಗೇ ಹೋಗಿ ಎರಡನ್ನು ಬೇಡಿ ತಂದ. ಟಾಕೀಸಿನಲ್ಲಿ ಕರೆಂಟು ಕಿತ್ತುಹಾಕಿದ್ದರಿಂದ, ಅವನ ಹೆಂಡತಿ ತನ್ನ ಹೊಲಿಗೆ ಯಂತ್ರ ನಿಲ್ಲಿಸಿ ಆ ಪ್ಲಗ್ಗಿನಿಂದಲೇ ಓಣಿಯ ಆಚೆಗೆ ವೈರು ಎಳೆಸಿದಳು. ಬಾಮೈದ ಗೊಣಗುತ್ತಲೇ ಐಸಿನ ಗಡ್ಡೆಗಳನ್ನು ಹೊತ್ತು ತಂದ. ಸಿಲಿಂಡರು ಕಾದರೆ ಗ್ಯಾಸು ಒಳಗೆ ಹೋಗುವುದಿಲ್ಲ. ಅದನ್ನು ಐಸು ತುಂಬಿದ ಟಬ್ಬಿನಲ್ಲಿ ಕೂರಿಸಬೇಕು.

ಶನಿವಾರ ಬೆಳಿಗ್ಗೆ ನಾನೂ ಒಂದು ಸ್ಟೂಲು ಹಾಕಿಕೊಂಡು ಕುಳಿತೆ. ಮೇಲ್ಛಾವಣಿಯ ತಗಡುಗಳನ್ನು ಆಗಲೇ ಕಿತ್ತಿದ್ದರು. ಸಾವಿರ ಜನ ಕುಳಿತು ಅತ್ತು ನಕ್ಕ ಆ ಕತ್ತಲೆಯ ಹಜಾರದಲ್ಲಿ ಈಗ ಬಿಸಿಲು ಚೌಕಚೌಕವಾಗಿ ಬಿದ್ದಿತ್ತು. ಹಿಂದಿನ ಕೋಣೆಯಲ್ಲಿ, ಎತ್ತು ಮಲಗಿದ ಹಾಗೆ ಆ ಹಳೆಯ ಯಂತ್ರ. ಒತ್ತಡ ತೋರಿಸುವ ಮೀಟರಿನ ಸೂಜಿ ನೂರ ಐವತ್ತರ ಗೆರೆಯ ಮೇಲೆ ನಿಂತಿತ್ತು.

ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಸೂಜಿ ಅಲ್ಲೇ. ಸಂಜೆಯಾಯಿತು, ಸೂಜಿ ಒಂದು ಕೂದಲೆಳೆಯಷ್ಟು ನಡುಗಿ ಮತ್ತೆ ಅಲ್ಲೇ. ಭಾನುವಾರ ಮಧ್ಯಾಹ್ನವಾದರೂ ಅದು ಜಗ್ಗಲಿಲ್ಲ.

"ಎಷ್ಟು ಆನೆ ಬಂತು ಭಾವ?" ಎಂದು ಬಾಮೈದ ಗಂಟೆಗೊಮ್ಮೆ ಕೇಳುತ್ತಿದ್ದ. ಮೊದಮೊದಲು ತಮಾಷೆಗೆ, ಆಮೇಲೆ ಗಾಬರಿಯಿಂದ. ಐದನೆಯ ಸಿಲಿಂಡರು ಟಬ್ಬಿನಲ್ಲಿದ್ದಾಗ ತಣ್ಣಪ್ಪ ಇನ್ನಷ್ಟು ಐಸು ತರಲು ಹೋದ. ಬಾಮೈದ ಪೈಪಿಗೆ ಕಿವಿಯಿಟ್ಟ, ಮೀಟರಿಗೆ ಬೆರಳಿನಿಂದ ಬಡಿದ. "ಮೇಷ್ಟ್ರೇ, ಪೈಪು ಕಟ್ಟಿಕೊಂಡಿದೆ. ಈ ಸಿಲಿಂಡರಿಗೆ ಏನೂ ಬಂದಿಲ್ಲ. ಸುಮ್ಮನೆ ಯಂತ್ರ ಒದರ್ತಾ ಇದೆ" ಎಂದವನೇ, ನಾನು ಬಾಯಿ ತೆಗೆಯುವುದರೊಳಗೆ ತೊಟ್ಟಿಯ ಬಳಿಯ ನಟ್ಟನ್ನು ಸಡಿಲಿಸಿದ.

ಹುಸ್! ಬೆಳ್ಳನೆಯ ಮಂಜು ಕೋಣೆಯ ತುಂಬ ಚಿಮ್ಮಿತು. ಬಾಮೈದ ಹಿಂದಕ್ಕೆ ಬಿದ್ದ. ಆಗ ತಾನೇ ಬಾಗಿಲಿಗೆ ಬಂದಿದ್ದ ತಣ್ಣಪ್ಪ ಐಸು ಎಸೆದು ಓಡಿಬಂದು, ಬರಿಗೈಯನ್ನು ಆ ಮಂಜಿನೊಳಗೆ ತೂರಿಸಿ ವಾಲ್ವು ತಿರುಗಿಸಿದ. ಸದ್ದು ನಿಂತಾಗ ಅವನ ಬಲಗೈಯ ಮೂರು ಬೆರಳುಗಳು ಸುಣ್ಣದಂತೆ ಬಿಳಿಚಿಕೊಂಡಿದ್ದವು. ಅಷ್ಟು ತಣ್ಣನೆಯದು ಬೆಂಕಿಯಂತೆಯೇ ಸುಡುತ್ತದೆಂದು ನಾನು ಓದಿದ್ದೆ. ಕಣ್ಣಾರೆ ಕಂಡದ್ದು ಅಂದೇ.

"ಭಾವ, ಸೂಜಿ ಅಲ್ಲಾಡಲಿಲ್ಲ... ನಾನು ಏನೂ ಬರ್ತಿಲ್ಲ ಅಂದುಕೊಂಡೆ..." ಬಾಮೈದ ಅಳುವುದೊಂದು ಬಾಕಿ.

ತಣ್ಣಪ್ಪ ಆಗಲೂ ಸಿಟ್ಟಾಗಲಿಲ್ಲ. ಎಡಗೈಯಿಂದ ಬಾಮೈದನ ಅಂಗೈಯನ್ನು ಹಿಡಿದು ತೊಟ್ಟಿಯ ಮೇಲಿಟ್ಟ. "ಇಲ್ಲಿ ಹೇಗಿದೆ?"

"ಬಿಸಿ."

ಕೈಯನ್ನು ನಿಧಾನವಾಗಿ ಕೆಳಗೆ ಜಾರಿಸಿದ. "ಇಲ್ಲಿ?"

"ಅಯ್ಯೋ, ತಣ್ಣಗೆ!"

"ಕಣ್ಣು ಬಿಟ್ಟು ನೋಡು."

ನಾವಿಬ್ಬರೂ ಬಗ್ಗಿ ನೋಡಿದೆವು. ಉಕ್ಕಿನ ತೊಟ್ಟಿಯ ಮೈಮೇಲೆ, ಕೆಳಗಿನಿಂದ ಒಂದೂವರೆ ಗೇಣು ಎತ್ತರದಲ್ಲಿ, ದಾರ ಹಿಡಿದು ಎಳೆದಂತೆ ನೇರವಾದ ಒಂದು ಗೆರೆ. ಅದರ ಮೇಲೆ ಉಕ್ಕು ಒಣಗಿತ್ತು. ಕೆಳಗೆ ಮಾತ್ರ ಸಣ್ಣ ಸಣ್ಣ ಬೆವರಹನಿಗಳು. ಒಳಗೆ ಗ್ಯಾಸು ದ್ರವವಾಗಿ ಎಲ್ಲಿಯವರೆಗೆ ನಿಂತಿದೆಯೋ ಅಲ್ಲಿಯವರೆಗೆ ಲೋಹ ತಣ್ಣಗಾಗಿ ಬೆವರುತ್ತದೆ. ತಣ್ಣಪ್ಪ ಶನಿವಾರದಿಂದ ಗಂಟೆಗೊಮ್ಮೆ ಆ ಬೆವರಿನ ಅಂಚಿಗೆ ಸೀಮೆಸುಣ್ಣದಿಂದ ಗೀಟು ಎಳೆಯುತ್ತ ಬಂದಿದ್ದ. ಮೇಲಿನಿಂದ ಕೆಳಗೆ ಗೀಟುಗಳು ಮೆಟ್ಟಿಲಿನಂತೆ ಇಳಿದಿದ್ದವು. ಎರಡು ದಿನ ಅಲ್ಲೇ ಕುಳಿತ ನಾನು ಒಂದನ್ನೂ ನೋಡಿರಲಿಲ್ಲ. ಸೂಜಿಯನ್ನೇ ನೋಡುತ್ತಿದ್ದೆ.

"ಒಳಗೆ ದ್ರವ ಒಂದು ಲೋಟ ಇದ್ದರೂ ಸೂಜಿ ಅಷ್ಟೇ ತೋರಿಸುತ್ತೆ, ಒಂದು ಕೊಳಗ ಇದ್ದರೂ ಅಷ್ಟೇ. ಕೊನೇ ಹನಿ ಆವಿಯಾಗೋವರೆಗೂ ಅದು ಇಳಿಯೋದಿಲ್ಲ ಕಣೋ" ಎಂದ ತಣ್ಣಪ್ಪ. ನಾನು ಆ ಗೆರೆಯನ್ನು ಮುಟ್ಟಿದೆ. ಕಣ್ಣಿಗೆ ಕಾಣದ ಆನೆಗಳ ಬೆನ್ನಿನ ಮೇಲೆ ಕೈಯಿಟ್ಟಂತಾಯಿತು.

ಆಸ್ಪತ್ರೆಯಲ್ಲಿ ಬೆರಳುಗಳಿಗೆ ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಹೋದಾಗ ಬಾಮೈದ ಆಗಲೇ ಗೇಟಿನ ಮುಂದೆ ನಿಂತಿದ್ದ. ಆ ದಿನ ಕೆಲಸ ಅವನದು. ತಣ್ಣಪ್ಪ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಹೇಳುತ್ತಿದ್ದ, ಅವನು ಮಾಡುತ್ತಿದ್ದ. ಆರನೆಯ ಸಿಲಿಂಡರು. ಬೆವರಿನ ಗೆರೆ ನಾಲ್ಕು ಬೆರಳಿಗೆ ಬಂತು, ಮೂರಕ್ಕೆ ಬಂತು. ಎಂಟಕ್ಕೆ ಹತ್ತು ನಿಮಿಷವಿರುವಾಗ ಹೊರಗೆ ಲಾರಿ ನಿಂತ ಸದ್ದಾಯಿತು.

ಸಾಹುಕಾರರು ಆಳುಗಳೊಡನೆ ಒಳಗೆ ಬಂದರು. "ಏನಯ್ಯಾ, ಮುಗೀತಾ ನಿನ್ನ ಗಾಳಿ?"

"ಇನ್ನೊಂದು ಗಂಟೆ, ಸಾಹುಕಾರ್ರೇ."

"ಎಂಟು ಅಂದರೆ ಎಂಟು" ಎಂದರು. ಅಷ್ಟರಲ್ಲಿ ಅವರ ಕಣ್ಣು ಪಟ್ಟಿ ಕಟ್ಟಿದ ಕೈಯ ಮೇಲೆ ಬಿತ್ತು. "ಕೈಗೇನಾಯ್ತು?"

ತಣ್ಣಪ್ಪ ಬಾಯಿ ತೆರೆಯುವ ಮೊದಲೇ ಬಾಮೈದ, "ನನ್ನ ತಪ್ಪು" ಎಂದ. ನಿನ್ನೆಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ: ಸೂಜಿ, ನಟ್ಟು, ಆನೆ, ಎಲ್ಲವನ್ನೂ. ಕೊನೆಗೆ ಸಾಹುಕಾರರ ಕೈಯನ್ನೇ ಹಿಡಿದು ತೊಟ್ಟಿಯ ಮೇಲಿಟ್ಟು, ಬಿಸಿಯಿಂದ ತಣ್ಣನೆಯವರೆಗೆ ಜಾರಿಸಿದ. ನಿನ್ನೆ ತನಗೆ ಭಾವ ಮಾಡಿದ ಹಾಗೆಯೇ.

ಸಾಹುಕಾರರು ಕೈ ತೆಗೆಯಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಸೀಮೆಸುಣ್ಣದ ಗೀಟುಗಳನ್ನು ಒಂದೊಂದಾಗಿ ನೋಡಿದರು. ಸಾಲಾಗಿ ನಿಂತಿದ್ದ ಐದು ಸಿಲಿಂಡರುಗಳಲ್ಲಿ ಒಂದನ್ನು ಎತ್ತಲು ಹೋಗಿ ಅದರ ಭಾರಕ್ಕೆ ಬೆರಗಾದರು. "ಇದು ಗಾಳಿಯಾ? ಇಷ್ಟು ತೂಕ?" ಎಂದರು. ಅದನ್ನು ಕೆಳಗಿಟ್ಟು, ಮೆಲ್ಲಗೆ, "ಮೂವತ್ತು ವರ್ಷದಲ್ಲಿ ನಾನು ಇಂಥವು ಎಷ್ಟು ಬಿಚ್ಚಿಸಿದ್ದೀನೋ ಮೇಷ್ಟ್ರೇ" ಎಂದರು. ನನಗೆ ಲೆಕ್ಕ ಹಾಕಿಕೊಡಲು ಧೈರ್ಯವಾಗಲಿಲ್ಲ.

"ಟೀ ಕುಡಿದು ಬರೋಣ ನಡೀರಿ" ಎಂದು ಆಳುಗಳನ್ನು ಕರೆದುಕೊಂಡು ಹೊರಗೆ ಹೋದರು. ಹೋದವರು ಒಂದೂವರೆ ಗಂಟೆ ಬರಲಿಲ್ಲ.

ಒಂಬತ್ತಕ್ಕೆ ಸ್ವಲ್ಪ ಮೊದಲು ಸೂಜಿ ಇಳಿಯತೊಡಗಿತು. ನೂರು, ಅರವತ್ತು, ಇಪ್ಪತ್ತು. ಅದು ಸೊನ್ನೆಗೆ ಬಂದು ನಿಂತಾಗ ಬಾಮೈದ ಯಂತ್ರ ಆರಿಸಿದ. ಕಿವಿಯೊಳಗೆ ಮೌನ ಗುಂಯ್ಗುಟ್ಟಿತು. ತೂಗಿದಾಗ ಐವತ್ತೇಳು ಕೆ.ಜಿ. ಬಂತು. ನಾನು ಅಲ್ಲೇ ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಮಾಡಿದೆ. ಇಪ್ಪತ್ತೈದೂವರೆ ಆನೆಯ ಮೇಲೆ ಇನ್ನಿಷ್ಟು.

"ಒಂದೂವರೆ ಆನೆ ನಾನು ಬಿಟ್ಟುಬಿಟ್ಟೆ" ಎಂದ ಬಾಮೈದ.

"ಇಪ್ಪತ್ತೈದೂವರೆ ಹಿಡಿದೆಯಲ್ಲ" ಎಂದ ತಣ್ಣಪ್ಪ.

ಬಾಮೈದ ಬೇರೆ ಅಂಗಡಿ ಹಾಕಲಿಲ್ಲ. ಆಕಾಶ ತಣ್ಣಗಾಯಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಕಳೆದ ಬೇಸಿಗೆ ಅದರ ಹಿಂದಿನದಕ್ಕಿಂತ ಕೆಟ್ಟದಾಗಿತ್ತು. ನಲವತ್ತು ಅಂಗಡಿಗಳಲ್ಲಿ ಆರು ಮಾತ್ರ ಈಗ ಗ್ಯಾಸು ಹಿಡಿಯುತ್ತವೆ. ಮೊದಲು ಸೇರಿದ ಎರಡು, ಸಿಲಿಂಡರು ಎರವಲು ಕೊಟ್ಟವು.

ತಣ್ಣಪ್ಪನ ಬಲಗೈಯ ಮೂರು ಬೆರಳುಗಳ ತುದಿಗೆ ಸ್ಪರ್ಶ ಮರಳಲಿಲ್ಲ. ಸಣ್ಣ ತಿರುಪಿನ ಕೆಲಸ ಆಗದು. ಅಂಗಡಿಯನ್ನು ಬಾಮೈದನಿಗೆ ಬಿಟ್ಟು, ಈಗ ಅವನು ವಾರಕ್ಕೆ ನಾಲ್ಕು ದಿನ ಗುಜರಿ ಸಾಹುಕಾರರ ಅಂಗಳದಲ್ಲಿ ಕೂರುತ್ತಾನೆ. ಅವನು ನೋಡದೆ ಅಲ್ಲಿ ಯಾವ ಫ್ರಿಜ್ಜಿಗೂ ಎ.ಸಿ.ಗೂ ಕೈ ಹಚ್ಚಕೂಡದೆಂದು ಸಾಹುಕಾರರ ಕಟ್ಟಪ್ಪಣೆ. ಹಳೆಯ ಫ್ರಿಜ್ಜುಗಳು ಬಾಗಿಲು ತೆರೆದುಕೊಂಡು ಸಾಲಾಗಿ ಸರದಿ ಕಾಯುತ್ತಿರುತ್ತವೆ. ಬಿಸಿ ಎಲ್ಲಿ ಮುಗಿದು ತಂಪು ಎಲ್ಲಿ ಶುರುವಾಗುತ್ತದೆಂದು ಅವನು ಎಡ ಅಂಗೈಯಿಂದ ಸವರಿ ನೋಡುತ್ತಾನೆ.

ಮೊನ್ನೆ ನಮ್ಮ ಫ್ರಿಜ್ಜು ಕೊನೆಯುಸಿರೆಳೆಯಿತು. ಅದೇ, ಅವನು ಇಪ್ಪತ್ತೆರಡು ವರ್ಷಗಳ ಹಿಂದೆ ಕೆನ್ನೆಯಿಟ್ಟು ಆಲಿಸಿದ್ದು. ಗಾಡಿಯಲ್ಲಿ ಹಾಕಿಸಿಕೊಂಡು ನಾನೇ ಹೋದೆ. ತಣ್ಣಪ್ಪ ಗುರುತು ಹಿಡಿದು ಅದರ ಬೆನ್ನು ತಟ್ಟಿದ. ಪೈಪು ಜೋಡಿಸಿ, ಸಿಲಿಂಡರನ್ನು ಐಸಿನ ಟಬ್ಬಿನಲ್ಲಿ ಕೂರಿಸಿ, ಯಂತ್ರ ಹಚ್ಚಿದ.

"ಇದರಲ್ಲಿ ಹಿಡಿ ಗ್ಯಾಸೂ ಇರಲಾರದು. ಇದರಿಂದ ಆನೆ ಎಲ್ಲಿ ಬರುತ್ತಪ್ಪಾ?" ಎಂದೆ.

"ಬಾಲ ಬರುತ್ತೆ ಮೇಷ್ಟ್ರೇ" ಎಂದ ತಣ್ಣಪ್ಪ. ಒಂದು ಡಬ್ಬವನ್ನು ಬೋರಲು ಹಾಕಿ ನನಗೆ ಕೂರಲು ಕೊಟ್ಟು, ಇನ್ನೊಂದರ ಮೇಲೆ ತಾನು ಕುಳಿತು, ಮೀಟರಿನ ಕಡೆಗೆ ಬೆನ್ನು ಹಾಕಿ ಫ್ರಿಜ್ಜಿನ ಮೇಲೆ ಅಂಗೈಯಿಟ್ಟ.